ಪಾತ್ರದ ದುಡ್ಡು

ಜನವರಿ 19, ಭಾನುವಾರ. ಬೆಳಿಗ್ಗೆ

ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದೆ. ರೀಡಿಗೆ ಧೂಳು ಹಿಡಿದಿದೆ. ಪುಟ್ಟಮಾದಮ್ಮನ ಹಳೇ ಸೀರೆಯ ಚೂರು ಹರಿದು ಒರೆಸಿದೆ. "ನನ್ ಸೀರೆನೂ ಅದ್ಕೇ, ನಿನ್ ಆಯಸ್ಸೂ ಅದ್ಕೇ" ಎಂದಳು. ಮದುವೆಯಾದ ಹೊಸದರಿಂದ ಇದೇ ಮಾತು.

ಅಷ್ಟರಲ್ಲಿ ಯಲಿಯೂರಿನ ಆಚೆ ಹಳ್ಳಿಯವರು ಬಂದರು. ಪ್ರತಿ ವರ್ಷದ ಹಾಗೆ ಪೌರಾಣಿಕ ನಾಟಕ ಕಲಿಸಬೇಕಂತೆ. "ರಾಜನ ಪಾರ್ಟಿಗೆ ಮೂರ್ ಜನ ನಿಂತವ್ರೆ ಮೇಷ್ಟ್ರೇ, ನೀವೇ ರೇಟು ಏಳ್ಬುಡಿ."

ನಮ್ಮ ಕಡೆ ಪದ್ಧತಿ ಹೀಗೆ. ಪಾರ್ಟು ಮಾಡುವವನೇ ದುಡ್ಡು ಕೊಡಬೇಕು. ಮೇಷ್ಟ್ರಿಗೆ, ಸೀನರಿ ಪರದೆಗೆ, ಲೈಟಿಗೆ ಎಲ್ಲ ಅದರಲ್ಲೇ. ರಾಜನಿಗೆ ಹೆಚ್ಚು, ಮಂತ್ರಿಗೆ ಅದಕ್ಕಿಂತ ಕಡಿಮೆ, ಬಾಗಿಲು ಕಾಯುವವನಿಗೆ ಇನ್ನೂ ಕಡಿಮೆ. ರಾಗ ಬರದಿದ್ದರೂ ದುಡ್ಡಿದ್ದವನೇ ರಾಜ. ನನ್ನ ಒಲೆ ಉರಿದದ್ದೂ ಹಾಗೇ, ಸುಳ್ಳು ಹೇಳಬಾರದು.

ಈ ಸಲ ಆಗಲ್ಲ ಎಂದೆ. ನನ್ನ ಶಿಷ್ಯ ಕನಕರಾಜುವಿನ ನಂಬರ್ ಕೊಟ್ಟೆ. ಹೋದ ವಾರ ಇನ್ನೊಂದು ಊರಿನವರನ್ನೂ ಅವನ ಹತ್ತಿರವೇ ಕಳಿಸಿದ್ದೆ.

ಅವರು ಎದ್ದು ಹೋದದ್ದೇ ಪುಟ್ಟಮಾದಮ್ಮ ಕಾಫಿ ಲೋಟ ಕುಕ್ಕಿದಳು. "ವರ್ಸದ ಅನ್ನ ಬಾಗ್ಲಿಗೆ ಬಂದಿತ್ತು. ದಾರಿ ತೋರ್ಸಿ ಕಳಿಸ್ಬುಟ್ಯಲ್ಲಯ್ಯ."

ಈ ವರ್ಷ ಬೇರೆಯದಕ್ಕೆ ಕೈ ಹಾಕಿದ್ದೇನೆ. ನಾನೇ ಬರೆದ ನಾಟಕ ಒಂದಿದೆ — ಕಲ್ಲು ಹೊತ್ತವಳು. ಬ್ಲಫ್ ಅನ್ನೋ ಊರಲ್ಲಿ ಕರೆಂಟು ಹುಟ್ಟಿಸುವ ಮನೆ ಕಟ್ಟಿದಾಗ ಕಲ್ಲು ಹೊತ್ತ ಹೆಂಗಸೊಬ್ಬಳ ಕಥೆ. ಕರೆಂಟು ಚಿನ್ನದ ಗಣಿಗೆ ಹೋಯಿತು, ಅವಳ ಗುಡಿಸಲಲ್ಲಿ ಹರಳೆಣ್ಣೆ ದೀಪವೇ ಉಳಿಯಿತು. ಇದರಲ್ಲಿ ಪಾರ್ಟಿಗೆ ರೇಟು ಇಡಲ್ಲ. ರೇಟು ಇಟ್ಟರೆ ಕಲ್ಲು ಹೊತ್ತವಳ ಪಾರ್ಟೂ ಯಾವನೋ ಸಾಹುಕಾರನಿಗೇ ಹೋಗುತ್ತೆ.

ಫೆಬ್ರವರಿ 2, ಭಾನುವಾರ

ತಮ್ಮನ ಮಗಳು ನಾಗಶ್ರೀ ಮದ್ದೂರಿಂದ ಬಂದಿದ್ದಳು. ಅಲ್ಲಿ ಸ್ಕೂಲ್ ಟೀಚರು. ಕ್ರೌಡ್ ಫಂಡಿಂಗ್ ಅವಳದೇ ಐಡಿಯಾ. ಆನ್‌ಲೈನಲ್ಲಿ ಒಂದು ಪೇಜು ಮಾಡಿ, ನಾಟಕದ ವಿಷಯ ಹಾಕಿ, ಇಷ್ಟವಿದ್ದವರು ದುಡ್ಡು ಹಾಕುವುದು. ಕಂಪನಿಯವರು ಇಟ್ಟುಕೊಂಡು ಕಂತಲ್ಲಿ ಕೊಡುತ್ತಾರೆ.

ಪೇಜಿಗೆ ವಿಡಿಯೋ ಬೇಕೆಂದಳು. ಮಂಚಮ್ಮನನ್ನು ಕರೆಸಿದೆ. ಸರ್ಕಾರಿ ಜಮೀನು ವಿ.ಸಿ. ಫಾರಂನಲ್ಲಿ ಕಳೆ ಕೀಳುವ ಕೆಲಸ. ಓದು ಬರಲ್ಲ. ಎಷ್ಟೋ ವರ್ಷದಿಂದ ನನ್ನ ತಾಲೀಮಿನ ಮನೆಯ ಕಿಟಕಿಯಲ್ಲಿ ನಿಂತು ಕೇಳಿದವಳು, ಯಾವ ಪಾರ್ಟಿನ ಹಾಡು ಕೇಳಿದರೂ ಎತ್ತುತ್ತಾಳೆ. ಕಲ್ಲು ಹೊತ್ತವಳು ನೀನೇ ಎಂದೆ.

"ನಂಗೆ ಪಾರ್ಟಾ? ನನ್ ತಾವ ದುಡ್ ಎಲ್ಲದೆ ಮೇಷ್ಟ್ರೇ?"

"ನೀನು ಕೊಡಂಗಿಲ್ಲ. ಆನ್‌ಲೈನಲ್ಲಿ ಬತ್ತದೆ."

"ಯಾರ್ ಕೊಡ್ತಾರೆ?"

"ನಾಟಕ ಅಂದ್ರೆ ಆಸೆ ಇರೋರು. ಗುರ್ತಿಲ್ದೋರು."

"ಗುರ್ತಿಲ್ದೋರು ಯಾಕ್ ಕೊಟ್ಟಾರು?"

ನಾಗಶ್ರೀ ನಕ್ಕು ವಿಡಿಯೋ ಶುರು ಮಾಡಿದಳು. ಮಂಚಮ್ಮ ತಲೆ ಮೇಲೆ ಸೆರಗು ಎಳೆದುಕೊಂಡು ಹಾಡಿದಳು. ಒಂದೇ ಸಲಕ್ಕೆ ಆಯಿತು.

ಫೆಬ್ರವರಿ 23

ಮೊದಲ ಕಂತು ಬಂತು. ನಿಜವಾಗಿ ಬಂತು. ಮಂಡ್ಯಕ್ಕೆ ಹೋಗಿ ಸೀನರಿಯವನಿಗೆ ಅಡ್ವಾನ್ಸ್ ಕೊಟ್ಟು ಬಂದೆ. ಏಪ್ರಿಲ್ 14, ಜಯಂತಿ ದಿನ, ಮಳವಳ್ಳಿ ಮೈದಾನ. ಡೇಟು ಗಟ್ಟಿ.

ನಾಗಶ್ರೀ ಫೋನಲ್ಲಿ ದುಡ್ಡು ಹಾಕಿದವರ ಹೆಸರು ಓದಿದಳು. ಗುರುತಿಲ್ಲದವರು ಇದ್ದಾರೆ. ಆದರೆ ಅರ್ಧಕ್ಕರ್ಧ ನಮ್ಮವರೇ. ಬ್ಲಫ್‌ನ ಮಹದೇವಣ್ಣ — ದೊಡ್ಡಪ್ಪನ ಮಗ, ಪವರ್ ಹೌಸಲ್ಲಿ ಇದ್ದು ರಿಟೈರ್ ಆದವನು. ನಾಗಶ್ರೀ ಸ್ಕೂಲಿನ ಹೆಡ್ ಮೇಡಂ. ನನ್ನ ಹತ್ತಿರ ಯಾವತ್ತೋ ಮಂತ್ರಿ ಪಾರ್ಟು ಕಲಿತ ಬ್ಯಾಂಕಿನವರು.

ಪುಟ್ಟಮಾದಮ್ಮ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. "ಇಷ್ಟ್ ಜನ ಮುಯ್ಯಿ ಮಾಡವ್ರೆ. ನಾಳೆ ಅವ್ರ್ ಮನೆ ಮದ್ವೇಲಿ ಕೈ ಬೀಸ್ಕಂಡ್ ಓಗನಾ?"

ಮುಯ್ಯಿ ಅಲ್ಲ ಕಣೇ, ಅದು ಕಾರ್ಯಕ್ಕೆ ಮಾಡಿ ಕಾರ್ಯಕ್ಕೆ ತೀರಿಸುವ ಉಡುಗೊರೆ, ಇದು ಬೇರೆ ಎಂದೆ. ಹೇಗೆ ಬೇರೆ ಎಂದಳು. ಯಾರ್ಯಾರ ಮನೆಯಲ್ಲಿ ಯಾವಾಗ ಕಾರ್ಯ ಅಂತ ಲೆಕ್ಕ ಹಾಕತೊಡಗಿದೆ.

ಮಾರ್ಚ್ 9

ಮಹದೇವಣ್ಣನ ಮೊಮ್ಮಗಳ ಮದುವೆ. ಬ್ಲಫ್‌ಗೆ ಇಬ್ಬರೂ ಹೋಗಿದ್ದೆವು. ಅವನು ಪೇಜಿಗೆ ಹಾಕಿದ್ದಕ್ಕೆ ಮೇಲೊಂದಿಷ್ಟು ಸೇರಿಸಿ ಮುಯ್ಯಿ ಮಾಡಿದೆ. ಸೇರಿಸದೆ ಇದ್ದರೆ ಅದು ಮುಯ್ಯಿ ಹೇಗಾಗುತ್ತೆ. ಕವರ್ ಸಿಗಲಿಲ್ಲ, ಫೋನಿಂದಲೇ ಹಾಕಿದೆ. ಕಂಪನಿ ದುಡ್ಡು ಬರುವ ಅಕೌಂಟು ಅದೊಂದೇ ಇರುವುದು.

ಹೆಡ್ ಮೇಡಂ ಮನೆ ಗೃಹಪ್ರವೇಶಕ್ಕೂ ಹಾಗೇ ಮಾಡಿದ್ದೆ. ಬ್ಯಾಂಕಿನವರ ಮಗನ ಮದುವೆಗೂ. ಲಗ್ನದ ಕಾಲ, ಎಲ್ಲರ ಮನೆಯಲ್ಲೂ ಒಂದೊಂದು. ಎರಡನೇ ಕಂತು ಬಂದರೆ ಎಲ್ಲ ಸರಿಹೋಗುತ್ತೆ.

ಮಹದೇವಣ್ಣನಿಗೆ ಖುಷಿಯೋ ಖುಷಿ. ಊಟದ ಪಂಕ್ತಿಯಲ್ಲೇ ಎಲ್ಲರಿಗೂ ಹೇಳಿದ. "ನಮ್ ಶಿವರಾಮು ಕಲಾವಿದ ಆದ್ರೂ ಕೈ ದೊಡ್ಡದು ಕಣ್ರಲಾ."

ಮನಸ್ಸು ಹಗುರ. ತಾಲೀಮಿಗೆ ಸಂಜೆ ಹತ್ತು ಹೆಂಗಸರು ಬರುತ್ತಿದ್ದಾರೆ, ಫಾರಂ ಕೆಲಸ ಮುಗಿಸಿ, ಕೈಕಾಲು ಕೂಡ ತೊಳೆಯದೆ. ಮಂಚಮ್ಮ ಎರಡನೇ ಅಂಕ ಪೂರ್ತಿ ಬಾಯಿಪಾಠ.

ಮಾರ್ಚ್ 16. ಬೆಳಿಗ್ಗೆ 8

ನಾಗಶ್ರೀ ಫೋನು. ನಮಸ್ಕಾರವೂ ಇಲ್ಲ.

"ದೊಡ್ಡಪ್ಪ, ಯಾರ್ಯಾರಿಗೆ ದುಡ್ಡು ಹಾಕಿದೀರಿ?"

ಹೇಳಿದೆ. ಆಮೇಲೆ ವಿಷಯ ಹೇಳಿದಳು. ಮಹದೇವಣ್ಣ ಖುಷಿ ತಡೆಯಲಾರದೆ ನಮ್ಮ ಪೇಜಿನ ಕೆಳಗೆ ಬರೆದಿದ್ದಾನೆ: 'ನಾನು ಹಾಕಿದ್ದಕ್ಕಿಂತ ಹೆಚ್ಚಾಗಿ ವಾಪಸ್ ಕೊಟ್ಟ ದೊಡ್ಡ ಮನುಷ್ಯ. ಎಲ್ಲರೂ ಹಾಕಿ.'

ಕಂಪನಿಯವರು ಅದನ್ನು ನೋಡಿದ್ದಾರೆ. ಕೊಟ್ಟವರಿಗೇ ಜಾಸ್ತಿ ವಾಪಸ್ ಹೋಗಿದೆ, ಇದು ಮೋಸದ ಸ್ಕೀಮೋ, ತಮ್ಮ ದುಡ್ಡನ್ನೇ ಸುತ್ತಿಸಿ ತೋರಿಸುತ್ತಿದ್ದಾರೋ — ಅಂತ ಅನುಮಾನ. ಎರಡನೇ ಕಂತು ಹೋಲ್ಡ್. ಪೇಜು ಬಂದ್.

"ನನ್ನ ಒಂದ್ ಮಾತು ಕೇಳಬಾರ್ದಿತ್ತಾ ದೊಡ್ಡಪ್ಪ?"

ಮುಯ್ಯಿ ಮಾಡಕ್ಕೆ ಯಾರನ್ನು ಕೇಳಬೇಕು, ಮಗಳೇ.

ಮಾರ್ಚ್ 18

ಕಂಪನಿಗೆ ಫೋನ್. ಮೊದಲು ಹಿಂದಿ. ಕಾದ ಮೇಲೆ ಕನ್ನಡದ ಹುಡುಗಿ.

"ಅಂಕಲ್, ಡೋನರ್‌ಗಳಿಗೆ ಯಾಕೆ ದುಡ್ಡು ಹಾಕಿದ್ರಿ?"

"ಮುಯ್ಯಿ ಕಣಮ್ಮ."

"ಸಾಲನಾ?"

"ಸಾಲ ಅಲ್ಲ. ಬಡ್ಡಿನೂ ಅಲ್ಲ. ಅವ್ರು ಮಾಡಿದ್ರು, ನಾನೂ ಮಾಡ್ದೆ."

ಕಟಕಟ ಟೈಪ್ ಮಾಡುವ ಸದ್ದು. ಆಮೇಲೆ ದನಿ ತಗ್ಗಿಸಿದಳು. "ನಮ್ಮಜ್ಜಿ ಮನೇಲೂ ಮುಯ್ಯಿ ಮಾಡ್ತಾರೆ ಅಂಕಲ್. ನಂಗೆ ಅರ್ಥ ಆಯ್ತು. ಸಿಸ್ಟಮ್‌ನಲ್ಲಿ ಆ ಕೆಟಗರಿ ಇಲ್ಲ."

ಮೇಲಿನವರಿಗೆ ಕಳಿಸುತ್ತೇನೆ ಎಂದಳು. ಒಳ್ಳೇ ಹುಡುಗಿ. ಊಟ ಆಯ್ತಾ ಅಂತ ಕೇಳಿದೆ. ಲೈನ್ ಕಟ್ಟಾಗಿತ್ತು.

ಮಾರ್ಚ್ 29

ಎಲ್ಲರ ದುಡ್ಡನ್ನೂ ಕಂಪನಿ ವಾಪಸ್ ಹಾಕಿದೆ. ಅವರ ಹತ್ತಿರ ಉಳಿದಿದ್ದಷ್ಟನ್ನೂ. ನನಗೆ ಬಂದ ಕಂತಿನ ಲೆಕ್ಕವನ್ನು ನಾನು ಕೊಡಬೇಕಂತೆ.

ಅದಾದರೂ ತಡೆದುಕೊಂಡೇನು. ಬೆಳಿಗ್ಗೆಯಿಂದ ಫೋನು ನಿಂತಿಲ್ಲ. ಒಬ್ಬೊಬ್ಬರಿಗೂ ಮೆಸೇಜು ಹೋಗಿದೆ, ನನ್ನ ಹೆಸರಲ್ಲಿ, ದುಡ್ಡು ಹಿಂದಿರುಗಿಸಲಾಗಿದೆ ಅಂತ. ಕಾರ್ಯವಿಲ್ಲ, ಕರೆಯೋಲೆ ಇಲ್ಲ, ಸುಮ್ಮನೆ ಮುಯ್ಯಿ ವಾಪಸ್ ಕೊಟ್ಟರೆ ನಮ್ಮಲ್ಲಿ ಏನರ್ಥ? ನಿನ್ನ ನಂಟು ಸಾಕು ಅಂತ.

ಮಹದೇವಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಮದ್ವೇಲಿ ಮುಯ್ಯಿ ತೀರಿಸ್ದೆ. ಈಗ ನಾನಾಕಿದ್ನೂ ಎಸ್ದೆ. ಬುಡು ಶಿವರಾಮು. ನಮ್ಮನೆ ಬಾಗ್ಲು ತುಳೀಬ್ಯಾಡ."

ಕಂಪನಿ ಹಾಕಿದ್ದು ಅಣ್ಣ, ನಾನಲ್ಲ ಎಂದೆ. ನಿನ್ನ ಪೇಜಿಗೆ ತಾನೇ ನಾನು ಹಾಕಿದ್ದು, ಕಂಪನಿ ಯಾರು ನಂಗೆ, ಎಂದ.

ಹೌದಲ್ಲ. ಕಂಪನಿ ಯಾರು?

ಏಪ್ರಿಲ್ 3

ಮಳವಳ್ಳಿಗೆ ಹೋಗಿ ಕನಕರಾಜುವನ್ನು ಕಂಡೆ. ನಾನು ಬಿಟ್ಟ ಎರಡು ಊರೂ ಅವನ ಹತ್ತಿರವೇ ಇವೆ. ಹಾರ್ಮೋನಿಯಂಗೆ ನಾನು ಕೂರಲಾ ಎಂದು ಕೇಳಿದೆ. ಕೇಳುವಾಗ ಅವನ ಮುಖ ನೋಡಲಿಲ್ಲ, ಗೋಡೆ ನೋಡಿದೆ.

"ಗುರುಗಳೇ, ಕೀಬೋರ್ಡ್ ಉಡುಗ ಅವ್ನೆ. ಒಂದ್ರಲ್ಲೇ ಎಲ್ಲಾ ಸದ್ದೂ ಬತ್ತದೆ. ಮುಂದಿನ್ ವರ್ಸ ನೋಡನ."

ಕಾಲಿಗೆ ನಮಸ್ಕಾರ ಮಾಡಿದ. ಟೀ ಕುಡಿಸಿದ. ಬಸ್ಸಿನವರೆಗೂ ಬಂದ.

ಏಪ್ರಿಲ್ 6

ಸೀನರಿಯವನು ಹತ್ತನೇ ತಾರೀಖಿಗೆ ಬಾಕಿ ಕೇಳುತ್ತಿದ್ದಾನೆ. ಇಲ್ಲದಿದ್ದರೆ ಡೇಟು ಬೇರೆಯವರಿಗೆ.

ಸಂಜೆ ಹುಚ್ಚೀರಯ್ಯ ಬಂದರು. ಇಟ್ಟಿಗೆ ಗೂಡಿನ ಯಜಮಾನರು. ಎಷ್ಟೋ ನಾಟಕದಲ್ಲಿ ರಾಜನ ಪಾರ್ಟು ಕಟ್ಟಿದವರು, ಎಲ್ಲದರಲ್ಲೂ ತಾಳ ತಪ್ಪಿದವರು. ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲಾ ಖರ್ಚೂ ನಂದು. ಸೀನರಿ, ಲೈಟು, ನಿನ್ ಸಂಬಳ. ಸರಿಯೇನ್ಲಾ?"

ಬದಲಿಗೆ ಏನು ಬೇಕು ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. ನಾಟಕದಲ್ಲಿ ಕೂಲಿ ದುಡ್ಡು ಹಿಡಿಯುವ ಮೇಸ್ತ್ರಿ ಒಬ್ಬ ಬರುತ್ತಾನಲ್ಲ, ಕೆಟ್ಟವನು. ಅವನು ಒಳ್ಳೆಯವನಾಗಬೇಕು. ಅವನೇ ನಾಟಕದ ನಾಯಕ, ಆ ಪಾರ್ಟು ತಮಗೆ. ಮಂಚಮ್ಮ ಹಿಮ್ಮೇಳದಲ್ಲಿ ಹಾಡಲಿ.

"ದಿನಾ ಕೂಲಿ ಮಾಡೋಳು ಸ್ಟೇಜ್ ಮೇಲೂ ಕೂಲಿ ಮಾಡಿದ್ರೆ ನೋಡಕ್ ಯಾವನ್ ಬತ್ತಾನ್ಲಾ? ದಾರೀಲೇ ಕಾಣ್ತಾಳಲ್ಲ."

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಪುಟ್ಟಮಾದಮ್ಮ ಒಳಗಿಂದ ನನ್ನನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

ಏಪ್ರಿಲ್ 9

ವಿ.ಸಿ. ಫಾರಂಗೆ ಹೋದೆ. ಮಂಚಮ್ಮನಿಗೆ ಹೇಳಿಬಿಡುವುದು, ಈ ವರ್ಷ ಹಿಮ್ಮೇಳ, ಮುಂದಿನ ವರ್ಷ ಪಾರ್ಟು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಪಾತಿಯಲ್ಲಿ ಸಾಲಾಗಿ ಕೂತು ಕಳೆ ಕೀಳುತ್ತಿದ್ದರು. ಮಂಚಮ್ಮ ಮೂರನೇ ಅಂಕದ ಹಾಡು ಹೇಳಿಕೊಡುತ್ತಿದ್ದಳು, ಉಳಿದವರು ಎತ್ತಿಕೊಳ್ಳುತ್ತಿದ್ದರು. ಕೈ ನಿಲ್ಲಿಸದೆ. ನನ್ನನ್ನು ಕಂಡು ಬದುವಿಗೆ ಬಂದಳು.

ದುಡ್ಡು ವಾಪಸ್ ಹೋದದ್ದು ಹೇಳಿದೆ.

"ಗುರ್ತಿಲ್ದೋರು ಯಾಕ್ ಕೊಟ್ಟಾರು ಅಂದಿದ್ನಲ್ಲ."

"ಗುರ್ತಿರೋರೂ ಕೊಟ್ಟಿದ್ರು ಕಣಮ್ಮ. ತೊಂದ್ರೆ ಆಗಿದ್ದೇ ಅದ್ರಿಂದ."

ನಕ್ಕಳು. ಆಮೇಲೆ ನಗು ಹೋಯಿತು. "ಉಚ್ಚೀರಯ್ಯೋರು ಬಂದಿದ್ರಂತೆ."

"ಹೂಂ."

"ಪಾರ್ಟು ಕಿತ್ಕತೀರಾ?"

ಬಸ್ ಬರುತ್ತೆ ಎಂದು ಹೊರಟು ಬಂದೆ. ಸ್ಟಾಪಿನಲ್ಲಿ ಬಹಳ ಹೊತ್ತು ಕೂತಿದ್ದೆ. ಯಾವ ಬಸ್ಸೂ ಬರುವ ಹೊತ್ತಲ್ಲ ಅದು.

ಏಪ್ರಿಲ್ 10. ಮಧ್ಯಾಹ್ನ

ಹುಚ್ಚೀರಯ್ಯನವರಿಗೆ ಫೋನ್ ಮಾಡಿದೆ. ಮೇಸ್ತ್ರಿ ಪಾರ್ಟು ಖಾಲಿ ಇದೆ ಯಜಮಾನ್ರೇ, ಹಳೇ ರೇಟಿಗೆ ಕೊಡ್ತೀನಿ, ಆದ್ರೆ ಮೇಸ್ತ್ರಿ ಕೆಟ್ಟವನೇ, ಎಂದೆ.

"ಉಪಾಸ ಬೀಳ್ತೀಯಾ ಕಣ್ಲಾ."

"ಅಭ್ಯಾಸ ಅದೆ."

ಇಟ್ಟರು. ಆಮೇಲೆ ಸೀನರಿಯವನಿಗೂ ಮಾಡಿ ಸೀನರಿ ಬೇಡ ಎಂದೆ. ಅಡ್ವಾನ್ಸ್ ವಾಪಸ್ ಬರಲ್ಲ ಎಂದ. ಗೊತ್ತಿತ್ತು.

ಅಭ್ಯಾಸ ಅದೆ ಎಂದದ್ದು ಬರೀ ಬಾಯಿಗೆ. ಬೆಳಿಗ್ಗೆ ಡಬ್ಬಿ ನಾನೂ ನೋಡಿದ್ದೆ. ಪುಟ್ಟಮಾದಮ್ಮ ಬಾಗಿಲಲ್ಲೇ ನಿಂತು ಎಲ್ಲಾ ಕೇಳಿದ್ದಳು. "ಫಾರಂನಲ್ಲಿ ನಾಟಿಗೆ ಆಳ್ ಬೇಕಂತೆ. ಮಂಚಮ್ಮ ಯೋಳ್ತಿದ್ಲು. ನಾನೂ ಓಯ್ತೀನಿ" ಎಂದಳು. ಈ ವಯಸ್ಸಲ್ಲಿ. ಬೇಡ ಅನ್ನುವ ಮುಖ ನನಗಿಲ್ಲ.

ಏಪ್ರಿಲ್ 13

ತಾಲೀಮಿಗೆ ಹತ್ತೂ ಜನ ಬಂದರು. ಮಂಚಮ್ಮ ಕೊನೆಗೆ ಬಂದಳು, ಕಿಟಕಿಯ ಆಚೆಯೇ ನಿಂತಳು. ಒಳಗೆ ಬಾ, ಪಾರ್ಟು ನಿಂದೇ ಎಂದೆ. ಬಂದಳು. ನನ್ನನ್ನು ನೋಡದೆ ಹಾಡಿದಳು.

ಸೀನರಿ ಇಲ್ಲ, ಮೈಕಿಲ್ಲ, ಲೈಟಿಲ್ಲ. ಬೆಳಕಿದ್ದಾಗಲೇ ಶುರು ಮಾಡಿ ಮುಗಿಸುವುದು ಎಂದು ಅವರೇ ತೀರ್ಮಾನ ಮಾಡಿದರು. ನಾಗಶ್ರೀ ಸ್ಕೂಲಿನ ಬೆಂಚು ತರುತ್ತಾಳೆ. ಇನ್ನೂ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಆದರೂ ತರುತ್ತಾಳೆ.

ಏಪ್ರಿಲ್ 14. ಮಳವಳ್ಳಿ. ಸಂಜೆ 4:30

ಪರದೆ ಹಿಂದೆ ಕೂತು ಬರೆಯುತ್ತಿದ್ದೇನೆ. ಪರದೆ ಅಂದರೆ ಪುಟ್ಟಮಾದಮ್ಮನ ಎರಡು ಸೀರೆ. ಕಟ್ಟುವಾಗ "ನನ್ ಸೀರೆನೂ ಅದ್ಕೇ" ಎಂದಳು. ಇನ್ನರ್ಧ ಅನ್ನಲಿಲ್ಲ.

ಸಂದಿಯಲ್ಲಿ ನೋಡಿದೆ. ಜನ ಇದ್ದಾರೆ, ತುಂಬಾ ಅಲ್ಲ. ಮುಂದೆ ಕುರ್ಚಿಯಲ್ಲಿ ಹುಚ್ಚೀರಯ್ಯ, ಕಾಲ ಮೇಲೆ ಕಾಲು. ನಗಲಿಕ್ಕೇ ಬಂದಿದ್ದಾರೆ. ಕನಕರಾಜು ಹಿಂದೆ ನಿಂತಿದ್ದಾನೆ. ಮಹದೇವಣ್ಣ ಬಂದಿಲ್ಲ. ಮೂರು ಸಲ ನೋಡಿದೆ.

ಈಗಷ್ಟೇ ಮಂಚಮ್ಮ ಬಂದಳು. ಬಣ್ಣ ಬೇಡವೆಂದು ಮುಖ ತೊಳೆದಿದ್ದಾಳೆ ಅಷ್ಟೇ. ಸೊಂಟದ ಎಲೆಯಡಿಕೆ ಚೀಲದಿಂದ ಮಡಿಸಿದ ನೋಟು ತೆಗೆದು ಹಾರ್ಮೋನಿಯಂ ಮೇಲಿಟ್ಟಳು.

"ಏನಮ್ಮ ಇದು?"

"ಪಾರ್ಟಿನ ದುಡ್ಡು."

"ಈ ನಾಟಕಕ್ಕೆ ರೇಟಿಲ್ಲ ಅಂದಿದ್ನಲ್ಲ."

"ರಾಜನ ಪಾರ್ಟಿನೋರು ಕೊಟ್ರೆ ಈಸ್ಕತಿರ್ಲಿಲ್ವಾ? ನಾಳೆ ಒಲದಲ್ಲಿ ಯಾವಳಾದ್ರೂ ಪುಕ್ಸಟ್ಟೆ ಪಾರ್ಟು ಅಂದ್ರೆ ನಾನ್ ಎದ್ರು ಮಾತಾಡಂಗಿರ್ಬೇಕಲ್ಲ. ಮಡಿಕಳಿ."

ಈಸಿಕೊಂಡೆ. ಎಷ್ಟೆಂದು ನೋಡಲಿಲ್ಲ. ಅವಳು ಕಲ್ಲಿನ ಬುಟ್ಟಿ ತಲೆಗೆತ್ತಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದಳು.

"ಮುಯ್ಯಿ ಅಲ್ಲ ಇದು ಮೇಷ್ಟ್ರೇ. ಎಲ್ಲಾದ್ರೂ ವಾಪಸ್ ಆಕ್ಬುಟ್ಟೀರಾ."

ಹೆಂಗಸರು ನಿಂತಾಯಿತು. ನಾಗಶ್ರೀ ಕೈ ತೋರಿಸುತ್ತಿದ್ದಾಳೆ. ಶ್ರುತಿ ಹಿಡಿಯಬೇಕು, ಮಂಚಮ್ಮ ಆಗಲೇ ಹಾಡು ಎತ್ತಿ—