ಕೈ ಹಚ್ಚಲಾರದ ಮಷಿನ್

ಮಾವಾರ,

ನಾನು, ನಿಮ್ಮ ಸೊಸೆ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಿಮ್ಮೆದುರು ಕೂತು ನಾಲ್ಕು ಮಾತಾಡಿದವಳಲ್ಲ. ನೀವು ಪಡಸಾಲೆಗೆ ಬಂದರೆ ನಾನು ಸೆರಗು ಹೊದ್ದು ಒಳಗೆ ಹೋಗುವುದು, ಚಹಾ ಬೇಕಾದರೆ ನೀವು ಅತ್ತೆಯನ್ನು ಕೂಗುವುದು. ಅತ್ತೆಯೇ ನಮ್ಮಿಬ್ಬರ ನಡುವಿನ ಟಪಾಲು. ಈಗ ಧೈರ್ಯ ಮಾಡಿ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ. ಎದುರಿಗಿಲ್ಲವಲ್ಲ, ಅದಕ್ಕೇ ಇರಬೇಕು.

ನರಗುಂದದ ಕಾಳಿನ ಪೇಟೆಗೆ ನೀವು ಹೊರಡುತ್ತಿದ್ದ ಬೆಳಗುಗಳು ನೆನಪಾಗುತ್ತವೆ. ದಿನವೆಲ್ಲ ಕಡಲೆ, ಗೋಧಿ ಚೀಲಗಳ ಧೂಳಿನಲ್ಲಿ ಇರುವವರಿಗೆ ಅಷ್ಟು ಬಿಳಿ ಧೋತರ ಯಾಕೆ ಬೇಕಿತ್ತೋ. ನೀಲಿ ತುಸು ಹೆಚ್ಚಾದರೂ, "ಇದೇನ ಧೋತರೋ ಆಕಾಶೋ" ಎಂದು ಅತ್ತೆಯ ಕೂಡ ಜಗಳ. ಅಂಥವರಿಗೆ ಲಕ್ವಾ ಹೊಡೆದು ಬಲಭಾಗ ಹೋಯಿತು. ಎಲ್ಲವೂ ಹಾಸಿಗೆಯಲ್ಲೇ ಆಗತೊಡಗಿತು. ಅತ್ತೆಯ ಕೈಲಿ ಆಗದೆ ಆ ಚಾದರ, ಧೋತರ ಒಗೆಯುವುದು ನನ್ನ ಪಾಲಿಗೆ ಬಂತು. ನಾನು ಅವನ್ನು ಎತ್ತಲು ಬಂದಾಗಲೆಲ್ಲ ನೀವು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಿರಿ. ಆ ಗೋಡೆಯಲ್ಲಿ ಏನಿತ್ತು, ಮಾವಾರ?

ಒಂದು ದಿನ ಹಾಗೇ ಗೋಡೆ ನೋಡುತ್ತಲೇ ನನ್ನೊಡನೆ ಮಾತಾಡಿದಿರಿ. ಅರ್ಧ ಬಾಯಿಂದ ಬಂದ ಮಾತು, ಆದರೂ ಪೂರಾ ತಿಳಿಯಿತು.

"ಯವ್ವಾ, ಕೈ ಹಚ್ಚಲಾರದಂಗ ಒಗಿಯೂ ಮಷಿನ್ ಬಂದಾವಂತ. ಅಂಥಾದ ತರ್ರಿ. ಇದನ್ನೆಲ್ಲಾ ನೀ ಮುಟ್ಟೂದು ನನಗ..."

ಮುಂದಿನದು ಹೇಳಲಿಲ್ಲ. ನನಗೂ ಒಂದು ಮಾತು ಬಾಯಿವರೆಗೆ ಬಂದಿತ್ತು. ಆದರೆ ಮಾವನ ಮುಂದೆ ಹೇಗೆ ಬಾಯಿ ತೆರೆಯುವುದು? ಚಾದರ ತೆಗೆದುಕೊಂಡು ಹಿತ್ತಲಿಗೆ ಹೋದೆ.

ಮರುವಾರ ಇವರೂ ನಾನೂ ಅಂಗಡಿಗೆ ಹೋದೆವು. ಅಂಗಡಿಯವನು ಮೊದಲು ಕೇಳಿದ್ದೇ, "ನಳ ದಿನಾ ಬರತೈತೇನ್ರಿ ಅಕ್ಕಾರ?"

"ವಾರಕ್ಕೊಮ್ಮೆರಿ."

"ಹಂಗಾದ್ರ ಸೆಮಿ ಆಟೋಮ್ಯಾಟಿಕ್ ತಗೋರಿ. ಕೊಡದಿಂದನ ನೀರ ಹಾಕಬಹುದು. ಒಗದ ಬಟ್ಟಿ ಕೈಲೆ ತಗದು ಬಾಜೂದ ಡಬ್ಬ್ಯಾಗ ಹಾಕಿದ್ರ ಹಿಂಡತೈತಿ."

ಇವರು ತಲೆಯಾಡಿಸಿಬಿಟ್ಟರು. ನನಗೆ ಗೋಡೆ ನೋಡುವ ನಿಮ್ಮ ಮುಖವೇ ಕಣ್ಣ ಮುಂದೆ. "ಬ್ಯಾಡ್ರಿ," ಅಂದೆ. "ಕೈ ಹಾಕೂದಿದ್ರ ಮಾವಾರು ಒಪ್ಪೂದಿಲ್ಲ. ಪೂರಾ ಆಟೋಮ್ಯಾಟಿಕ್ ಇರಲಿ. ನಳ ಬಂದ ದಿನ ಮಾಳಿಗಿ ಮ್ಯಾಲ ಟಾಕಿ ತುಂಬಿಸಿಟ್ರಾತು." ಮಂದಿಯ ಮುಂದೆ ಗಂಡನಿಗೆ ಎದುರಾಡಿದ್ದು ಅದೇ ಮೊದಲು. ಕೇಳಿದ್ದರೆ ನೀವು ನಗುತ್ತಿದ್ದಿರೇನೋ.

ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇವತ್ತು ನಿಮ್ಮ ಹೊರಸಿನ ಹತ್ತಿರ ಕೂತೇ ಹೇಳುವುದು: ನೀವು ಹೇಳಿದಂಥಾದ್ದನ್ನೇ ಆರಿಸಿ ಬಂದೀವ್ರಿ, ಆದ್ರ ನನಗ ಎಂದೂ ಹೇಸಿಕಿ ಬಂದಿಲ್ಲರಿ. ಓಣಿಗೆ ತಿರುಗಿದರೆ ನಮ್ಮ ಮನೆ ಮುಂದೆ ಜನ. ಒಂದು ತಾಸು ತಡೆಯಬಾರದಿತ್ತೇ ಮಾವಾರ? ಒಂದೇ ಒಂದು ತಾಸು...

ಸತ್ತವರ ಹಾಸಿಗೆ ಮನೆಯಲ್ಲಿ ಇಡಬಾರದೆಂದು ನಿಮ್ಮ ಚಾದರ, ಧೋತರಗಳನ್ನೆಲ್ಲ ಹಿರಿಯರು ಅಂದೇ ಹೊರಗೆ ಹಾಕಿಸಿದರು. ಮಷಿನ್ ಮನೆಗೆ ಬಂದಾಗ ಅದರಲ್ಲಿ ಹಾಕಲು ನಿಮ್ಮದೊಂದು ಟವೆಲ್ಲೂ ಉಳಿದಿರಲಿಲ್ಲ. ನಾನು ಅದರ ಮುಚ್ಚಳದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮೊನ್ನೆ ಅತ್ತೆ ತಮ್ಮ ಸೀರೆಯೊಂದನ್ನು ಮುದ್ದೆ ಮಾಡಿ ಟ್ರಂಕಿನ ಹಿಂದೆ ಮುಚ್ಚಿಟ್ಟಿದ್ದರು. ಈಚೆಗೆ ಅವರಿಗೂ ಮೂತ್ರ ತಡೆಯಲಾಗುವುದಿಲ್ಲ. ನಾನು ಕೈ ಚಾಚಿದರೆ, "ಬಿಡವಾ, ನಾನ ಒಕ್ಕೋತೀನಿ" ಎಂದು ಸೀರೆಯನ್ನು ಹಿಡಿದೇ ಕೂತರು. ಈ ಸಲ ನಾನು ಸುಮ್ಮನೆ ಇರಲಿಲ್ಲ. ಪಕ್ಕದಲ್ಲೇ ಕೂತೆ.

"ಅತ್ತ್ಯಾರ, ನನಗ ಹೇಸಿಕಿ ಬರೂದಿಲ್ಲರಿ. ಮಾವಾರದು ಒಗಿಯುವಾಗೂ ಬಂದಿದ್ದಿಲ್ಲ."

ಅತ್ತೆ ಸೀರೆ ನನ್ನ ಕೈಗಿಟ್ಟು ಅಂದರು, "ಈ ಮಾತ ಅವರಿಗೂ ಒಮ್ಮೆ ಹೇಳಬೇಕಿತ್ತವಾ. ನಿನಗ ಹೇಸಿಕಿ ಬರತಿರಬೇಕಂತ ನೆನಸಕೋತ ಹೋದ್ರು."