ಗಾರ್ಡ್ ಡಬ್ಬಿಯ ಚಕ್ರಗಳು

ಶುಕ್ರವಾರ, ಮೇ ೨೨
ಬೆಳಗ್ಗೆ ಆರು ಗಂಟೆ

ದೊರೆಸಾನಿಗೆ,

ನಿನ್ನ ಅಪ್ಪ ಕರೆಯುವ ಹೆಸರನ್ನೇ ಬರೆದಿದ್ದೇನೆ. ನಾನು ಕರೆಯುತ್ತಿದ್ದ ಹೆಸರು ಎಂಟು ತಿಂಗಳಿಂದ ಬಳಕೆಯಲ್ಲಿಲ್ಲ, ಬರೆಯಲು ಕೈ ಬರಲಿಲ್ಲ.

ಮುಖ್ಯ ವಿಷಯ ಮೊದಲು. ಮಾವ ಮಂಗಳವಾರ ಬೆಳಗ್ಗೆಯಿಂದ ಆಸ್ಪತ್ರೆಯಲ್ಲಿದ್ದಾರೆ. ಕೊರೊನಾ. ಆಮ್ಲಜನಕ ಕೊಟ್ಟಿದ್ದಾರೆ. ಎಚ್ಚರವಿದೆ, ಜನರನ್ನು ಗುರುತಿಸುತ್ತಾರೆ. ಇನ್ನೆರಡು ದಿನ ನೋಡದೆ ಏನೂ ಹೇಳಲಾಗದು ಎಂದು ವೈದ್ಯರು ನಿನ್ನೆ ಹೇಳಿದರು. ಒಳಗೆ ಯಾರನ್ನೂ ಬಿಡುವುದಿಲ್ಲ. ದಿನಕ್ಕೊಂದು ಸಲ, ಸಂಜೆ ನಾಲ್ಕಕ್ಕೆ, ವಾರ್ಡಿನ ನರ್ಸ್ ಅಲ್ಲಿಯ ಫೋನಿನಿಂದ ಮನೆಯವರೊಬ್ಬರಿಗೆ ವಿಡಿಯೋ ಕರೆ ಮಾಡಿ ಎರಡು ನಿಮಿಷ ಮಾತಾಡಿಸುತ್ತಾರೆ. ಒಬ್ಬ ರೋಗಿಗೆ ಒಂದೇ ನಂಬರು. ಇಲ್ಲಿಯವರೆಗೆ ನನ್ನದಿತ್ತು. ನಿನ್ನೆ ಸಂಜೆ ಅದನ್ನು ತೆಗೆಸಿ ನಿನ್ನದನ್ನು ಬರೆಸಿದ್ದೇನೆ. ಇವತ್ತು ನಾಲ್ಕಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತು. ಈ ಕಾಗದದಲ್ಲಿ ಇಷ್ಟೇ ಓದಿ ಹರಿದು ಹಾಕಿದರೂ ನನ್ನ ತಕರಾರಿಲ್ಲ.

ಹಾಗಾದರೆ ಮಂಗಳವಾರದಿಂದ ಅಪ್ಪನ ಫೋನಿನಿಂದ ಬರುತ್ತಿರುವ ಉತ್ತರಗಳು ಯಾರವು ಎಂದು ನೀನು ಕೇಳುತ್ತೀ. ಹೇಳುತ್ತೇನೆ. ಆದರೆ ಮೊದಲಿನಿಂದ, ನಡೆದ ಕ್ರಮದಲ್ಲೇ ಹೇಳುತ್ತೇನೆ. ಇಲ್ಲದಿದ್ದರೆ ಮತ್ತೆ ಸೋಸಿಬಿಡುತ್ತೇನೆ. ‘ನೀವು ಸುಳ್ಳು ಹೇಳಲ್ಲ, ಸುದ್ದಿನ ಸೋಸಿ ಕೊಡ್ತೀರಿ’ ಎಂದು ಹೇಳಿಯೇ ನೀನು ಹೋದದ್ದು. ಅತ್ತೆಯ ಕಾಯಿಲೆಯ ವರದಿಯನ್ನು ನಾನು ಹನ್ನೊಂದು ದಿನ ಅಂಗಡಿಯ ಡ್ರಾಯರಿನಲ್ಲಿಟ್ಟಿದ್ದೆ. ನಿನ್ನ ಪರೀಕ್ಷೆ ಮುಗಿಯಲಿ ಎಂದು. ಅವರಿಗೆ ಉಳಿದಿದ್ದದ್ದು ನಲವತ್ತು ದಿನ. ಅದರಲ್ಲಿ ಹನ್ನೊಂದನ್ನು ನಾನು ತಿಂದೆ.

ಮಾವ ಮಾರ್ಚಿನಲ್ಲಿ ಕಣ್ಣು ತೋರಿಸಲು ಎರಡು ದಿನಕ್ಕೆಂದು ಬಂದು ಲಾಕ್‌ಡೌನಿಗೆ ಸಿಕ್ಕಿಕೊಂಡದ್ದು ನಿನಗೆ ಗೊತ್ತು. ಎರಡು ಅಂಗಿ, ಒಂದು ಪಂಚೆ, ಒಂದು ಔಷಧಿ ಡಬ್ಬಿ. ಮೊದಲ ವಾರ ನಾವಿಬ್ಬರೂ ಬಾಡಿಗೆ ಮನೆಯ ಇಬ್ಬರು ಅಪರಿಚಿತರ ಹಾಗೆ ಇದ್ದೆವು. ಅವರು ಹಜಾರದಲ್ಲಿ ಪೇಪರು ಓದುವುದು, ನಾನು ಹಿಂದಿನ ಕೋಣೆಯಲ್ಲಿ ಯಾರದ್ದೋ ಹಳೆಯ ತಕ್ಕಡಿಯನ್ನು ಬಿಚ್ಚಿ ಜೋಡಿಸುವುದು. ಅಂಗಡಿ ಮುಚ್ಚಿ, ರಿಪೇರಿಗೆ ತಕ್ಕಡಿಯೇ ಬರುವುದು ನಿಂತಾಗ ಒಂದು ದಿನ ಅವರೇ ಬಂದು ಬಾಗಿಲಲ್ಲಿ ನಿಂತು, ‘ಅಳಿಯಂದಿರೇ, ಬಿಚ್ಚೋಕೆ ಏನೂ ಸಿಗದಿದ್ರೆ ಕೊನೆಗೆ ನನ್ನೇ ಬಿಚ್ಚಿಬಿಡ್ತೀರಿ ಅಂತ ಭಯ ಆಗ್ತಿದೆ’ ಎಂದರು. ಅಟ್ಟದ ಮೇಲೆ ನಿನ್ನ ಟ್ರಂಕಿದೆ, ಅದರಲ್ಲಿ ಗೂಡ್ಸ್ ಗಾಡಿ ಇದೆ, ಇಳಿಸಿ ಎಂದರು.

ನಿನಗೆ ಏಳು ವರ್ಷ ತುಂಬಿದಾಗ ಅವರು ತಂದುಕೊಟ್ಟ ಗಾಡಿ. ಒಂದು ಇಂಜಿನ್, ಹದಿಮೂರು ವ್ಯಾಗನ್. ನಿನ್ನನ್ನು ಕೇಳದೆ ಮುಟ್ಟಿದ್ದು ತಪ್ಪು. ಅಪ್ಪ ಹೇಳಿದರು ಎನ್ನುವುದು ನೆಪ.

ಊಟದ ಮೇಜಿನ ಮೇಲೆ ಹಳಿ ಜೋಡಿಸಿ ಓಡಿಸಿದೆವು. ಒಂದು ಸುತ್ತೂ ಪೂರ್ತಿಯಾಗಲಿಲ್ಲ. ತಿರುವು ಬಂದಾಗಲೆಲ್ಲ ಯಾವುದಾದರೊಂದು ವ್ಯಾಗನ್ ಹಳಿ ತಪ್ಪಿ ಮಗ್ಗುಲಿಗೆ ಬೀಳುತ್ತಿತ್ತು. ನಾನು ನನ್ನ ಚಿಕ್ಕ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿದೆ. ಒಂದು ಇಪ್ಪತ್ತೆಂಟು ಗ್ರಾಂ, ಒಂದು ಮೂವತ್ತಮೂರು, ಒಂದು ಇಪ್ಪತ್ತೈದು. ಹಗುರ ಡಬ್ಬಿ ಮುಂದೆ, ಭಾರದ್ದು ಹಿಂದೆ ಇದ್ದರೆ ತಿರುವಿನಲ್ಲಿ ಹಗುರದ್ದು ಎದ್ದೇಳುತ್ತದೆ. ಹಳೆಯ ತಕ್ಕಡಿಗಳ ಹಿತ್ತಾಳೆ ಚೂರುಗಳನ್ನು ಅರದಿಂದ ಉಜ್ಜಿ ಪ್ರತಿಯೊಂದರ ಹೊಟ್ಟೆಗೂ ಅಂಟಿಸಿ ಎಲ್ಲವನ್ನೂ ಐವತ್ತು ಗ್ರಾಮಿಗೆ ತಂದೆ. ಹದಿಮೂರು ವ್ಯಾಗನ್‌ಗೆ ಒಂಬತ್ತು ದಿನ ಹಿಡಿಯಿತು. ಮಾವ ಪಕ್ಕದಲ್ಲಿ ಕೂತು ಸರ್ಕಾರಿ ಇನ್ಸ್‌ಪೆಕ್ಟರನ ಹಾಗೆ ಪ್ರತಿಯೊಂದಕ್ಕೂ ‘ಪಾಸ್’ ಎನ್ನುತ್ತಿದ್ದರು.

ಆಮೇಲೆ ಬಣ್ಣ. ನಾನು ಒರೆಸಿ ಹೊಳಪು ಬರಿಸಿದ್ದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ‘ಇಷ್ಟು ಚೊಕ್ಕಟವಾದ ವ್ಯಾಗನ್ನ ಮೂವತ್ನಾಲ್ಕು ವರ್ಷದಲ್ಲಿ ಒಂದೂ ನೋಡಿಲ್ಲ ಕಣ್ರೀ. ಇದರಲ್ಲಿ ಕಲ್ಲಿದ್ದಲು ಹೋಗುತ್ತೋ ಮದುಮಗಳು ಹೋಗ್ತಾಳೋ?’ ಎಂದರು. ಇಟ್ಟಿಗೆ ಪುಡಿ, ಒಲೆಯ ಮಸಿ, ಹಲ್ಲುಪುಡಿ ತರಿಸಿಕೊಂಡು ಸವೆದ ಟೂತ್‌ಬ್ರಷ್ಷಿನಲ್ಲಿ ತಾವೇ ಕೊಳೆ ಮಾಡಲು ಕೂತರು. ಸಿಮೆಂಟ್ ವ್ಯಾಗನ್‌ಗೆ ಮೇಲಿನ ಮುಚ್ಚಳದಿಂದ ಕೆಳಕ್ಕೆ ಬಿಳಿ ಗೆರೆ, ಎಣ್ಣೆಯದ್ದಕ್ಕೆ ಹೊಟ್ಟೆಯ ನಡುವೆ ಕಪ್ಪು ಕಲೆ, ಬ್ರೇಕಿನ ಹತ್ತಿರ ತುಕ್ಕು. ಯಾವ ಕೊಳೆ ಎಲ್ಲಿ ಕೂರುತ್ತದೆ ಎಂದು ಅವರಿಗೆ ಬಾಯಿಪಾಠ. ಮೂವತ್ನಾಲ್ಕು ವರ್ಷ ಗೂಡ್ಸ್ ಗಾರ್ಡ್ ಆಗಿ ಕೊನೆಯ ಡಬ್ಬಿಯಲ್ಲಿ ಕೂತು ಇವುಗಳ ಬೆನ್ನನ್ನೇ ನೋಡಿದವರು. ಸಂಜೆ ಐದಕ್ಕೆ ನೀನು ಫೋನ್ ಮಾಡಿದಾಗ ಅವರು ಹೇಳುತ್ತಿದ್ದದ್ದೆಲ್ಲ ಇದೇ ಇರಬೇಕು. ನಾನು ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆ. ನಿನ್ನ ನಗು ಒಂದೆರಡು ಸಲ ಅಲ್ಲಿಯವರೆಗೂ ಕೇಳಿಸಿತು.

ಚಕ್ರಗಳು ಕೊನೆಯ ಕೆಲಸ. ಹಳೆಯ ಪ್ಲಾಸ್ಟಿಕ್ ಚಕ್ರಗಳು ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಆಟದ ರೈಲಿನ ಸಾಮಾನು ಮಾರುವವರು ಎಂಟು ಬೀದಿ ಆಚೆ ಇದ್ದಾರೆ. ಅವರ ಅಂಗಡಿಯ ತಕ್ಕಡಿ ನನ್ನ ಕೈಯಲ್ಲೇ ರಿಪೇರಿಯಾಗುವುದು. ಫೋನ್ ಮಾಡಿದ್ದಕ್ಕೆ ಇಪ್ಪತ್ತಾರು ಅಚ್ಚು, ಎರಡೂ ತುದಿಗೆ ಲೋಹದ ಚಕ್ರ ಇರುವಂಥವು, ಹಾಲಿನವನ ಕೈಯಲ್ಲಿ ಕಳಿಸಿದರು. ಎಣಿಕೆ ತಪ್ಪಿದ್ದು ನಾನು. ಗಾರ್ಡ್ ಡಬ್ಬಿ ಟ್ರಂಕಿನ ತಳದಲ್ಲಿ ಬೇರೆ ಕಾಗದದಲ್ಲಿ ಸುತ್ತಿಕೊಂಡಿತ್ತು, ಆಮೇಲೆ ಸಿಕ್ಕಿತು. ಅದಕ್ಕೆ ಎರಡು ಅಚ್ಚು ಕಡಿಮೆ.

ಬೇರೆ ಯಾರೇ ಆಗಿದ್ದರೂ ಹದಿಮೂರು ವ್ಯಾಗನ್ ಓಡಿಸಿ ಚಪ್ಪಾಳೆ ತಟ್ಟುತ್ತಿದ್ದರು. ಗಾರ್ಡ್ ಡಬ್ಬಿ ಇಲ್ಲದ ಗಾಡಿಗೆ ನಿನ್ನ ಅಪ್ಪ ಸೀಟಿ ಊದಲು ಒಪ್ಪಲಿಲ್ಲ. ಹಳೆಯ ಚಕ್ರದಲ್ಲೇ ಅದನ್ನು ಜೋಡಿಸಿದರೆ ಪ್ರತಿ ಸುತ್ತಿಗೂ ಅದೊಂದೇ ಬೀಳುತ್ತಿತ್ತು. ಮೂರನೆಯ ಸಲ ಬಿದ್ದಾಗ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, ‘ನಾನೇ ಬಿದ್ದ ಹಾಗೆ ಆಗುತ್ತೆ ಕಣ್ರೀ’ ಎಂದರು. ತಮಾಷೆಗೇ ಹೇಳಿದ್ದು. ಹಾಲಿನವನನ್ನು ಕೇಳಿದೆ. ‘ಆ ಬೀದಿಗೆ ಬ್ಯಾರಿಕೇಡ್ ಹಾಕಿದಾರೆ ಸಾರ್, ಕೇಸ್ ಬಂದಿದೆಯಂತೆ, ನಾನಂತೂ ಹೋಗಲ್ಲ’ ಎಂದ.

ನಾನು ಹೋದೆ. ಮೇ ಹನ್ನೊಂದು, ಸೋಮವಾರ, ಬೆಳಗ್ಗೆ ಏಳೂವರೆ. ಬ್ಯಾರಿಕೇಡ್ ಮುಂದಿನ ರಸ್ತೆಗೆ ಮಾತ್ರ ಇತ್ತು. ಹಿಂದಿನ ಓಣಿಯಿಂದ ಅವರ ಹಿತ್ತಿಲ ಬಾಗಿಲಿಗೆ ಹೋದೆ. ಎರಡು ಅಚ್ಚು ಇಸಿದುಕೊಂಡು ಬರಲು ಎರಡು ನಿಮಿಷ ಸಾಕಿತ್ತು. ಆದರೆ ನಾನು ಕೂತೆ. ಚಕ್ರಗಳ ನಡುವಿನ ಅಂತರ ಹದಿನಾಲ್ಕೂವರೆ ಮಿಲಿಮೀಟರ್ ಇದೆಯೇ ಎಂದು ಅವರ ಮೇಜಿನ ಮೇಲೆ ಒಂದೊಂದಾಗಿ ಅಳೆದೆ. ಅರ್ಧ ಗಂಟೆ. ಅವರ ಮಾಸ್ಕ್ ಗದ್ದದ ಕೆಳಗಿತ್ತು. ನಡುನಡುವೆ ಕೆಮ್ಮುತ್ತಿದ್ದರು. ನಾನು ನೋಡಿದಾಗ, ‘ಧೂಳು ಕಣ್ರೀ, ಅಂಗಡಿ ಮುಚ್ಚಿ ಎರಡು ತಿಂಗಳಾಯ್ತಲ್ಲ’ ಎಂದರು. ಆ ಮಾತನ್ನು ನಾನು ನಂಬಿದೆ ಎಂದು ಬರೆದರೆ ಅದು ಸೋಸಿದಂತೆ. ನಂಬಲಿಲ್ಲ. ಅಳತೆ ಮುಗಿಸಿ ಎದ್ದೆ.

ಯಾಕೆ ಹೋದೆ ಎಂಬುದಕ್ಕೂ ಎರಡು ಉತ್ತರ ಇವೆ. ಮಾವನ ಖುಷಿಗೆ ಎನ್ನುವುದು ಒಂದು. ಇನ್ನೊಂದು ಇದು: ಗಾಡಿ ಪೂರ್ತಿ ಓಡಿದ ದಿನ ಅವರು ಅದನ್ನು ಐದು ಗಂಟೆಗೆ ನಿನಗೆ ಹೇಳುತ್ತಾರೆ, ಹೇಳುವಾಗ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದೇ ಬರುತ್ತದೆ ಎಂದು. ಬಂತು ಕೂಡ. ಮರುದಿನ, ಮಂಗಳವಾರ, ಗಾರ್ಡ್ ಡಬ್ಬಿ ಸಮೇತ ಏಳು ಸುತ್ತು ಓಡಿತು, ಒಂದೂ ಬೀಳಲಿಲ್ಲ. ಸಂಜೆ ಮಾವ ಫೋನ್ ಇಟ್ಟು ಬಂದು, ‘ದೊರೆಸಾನಿ ಕೇಳಿದ್ಲು, ಚಕ್ರ ಎಲ್ಲಿಂದ ಸಿಕ್ತಂತೆ ಅಂತ. ಹಾಲಿನವನು ತಂದ ಅಂದೆ’ ಎಂದರು. ಅವರಿಗೆ ನಾನು ಹೇಳಿದ್ದು ಅದನ್ನೇ. ‘ನಮ್ಮ ಹಾಲಿನವನ ಹತ್ರ ಎಲ್ಲಾ ಸಿಗುತ್ತೆ, ಹಾಲೊಂದು ಬಿಟ್ಟು’ ಎಂದು ನಕ್ಕೂ ಇದ್ದರು.

ಕಳೆದ ಶುಕ್ರವಾರ ಆ ಅಂಗಡಿಯವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದ ಸುದ್ದಿ ಬಂತು. ಶನಿವಾರ ಮಾವನಿಗೆ ಜ್ವರ. ಆಗ ಎಲ್ಲ ಹೇಳಿದೆ. ಅವರು ‘ಎರಡು ಅಚ್ಚಿಗೆ ಹೋದ್ರಾ?’ ಎಂದು ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೋಮವಾರದವರೆಗೆ ನಿನ್ನ ಜೊತೆ ಅವರೇ ಮಾತಾಡಿದರು, ಗಂಟಲು ಕೆಟ್ಟಿದೆ ಎಂದಷ್ಟೇ ಹೇಳಿದರು. ಆ ಮೂರು ದಿನದ ಮುಚ್ಚಿಡುವಿಕೆ ಅವರದ್ದು, ‘ಪರೀಕ್ಷೆಯ ಫಲ ಬರಲಿ, ಆಮೇಲೆ ಹೇಳೋಣ’ ಎಂದು. ಸೋಮವಾರ ಸಂಜೆ ಇಬ್ಬರದ್ದೂ ಬಂತು, ಇಬ್ಬರಿಗೂ ಇದೆ. ನನಗೆ ಗಂಟಲ ಕೆರೆತ ಬಿಟ್ಟರೆ ಏನೂ ಇಲ್ಲ. ಇರಬೇಕಾದವನಿಗೆ ಏನೂ ಇಲ್ಲ. ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ, ನಾನು ಹೊರಗೆ ಬರುವಂತಿಲ್ಲ.

ಮಂಗಳವಾರ ಆಂಬುಲೆನ್ಸ್ ಹತ್ತುವಾಗ ಅವಸರದಲ್ಲಿ ಅವರ ಫೋನ್ ಚಾರ್ಜಿಗೆ ಹಾಕಿದ್ದಲ್ಲೇ ಉಳಿಯಿತು. ಅವರು ತಿರುಗಿ, ‘ಮೊದಲು ಅವಳಿಗೆ ಹೇಳಿ’ ಎಂದರು. ಆಯಿತು ಎಂದೆ. ಐದಕ್ಕೆ ನಿನ್ನ ಕರೆ ಬಂದಾಗ ಫೋನ್ ಕೈಗೆ ತೆಗೆದುಕೊಂಡೆ, ಎತ್ತಲಿಲ್ಲ. ಕರೆ ನಿಂತ ಮೇಲೆ ‘ಗಂಟಲು ನೋವು, ಮಾತಾಡೋಕಾಗ್ತಿಲ್ಲ’ ಎಂದು ಅವರ ಹಾಗೆ ಬರೆದೆ. ನೀನು ಜ್ವರ ಎಷ್ಟು ಎಂದು ಕೇಳಿದೆ. ತೊಂಬತ್ತೆಂಟು ಎಂದು ಬರೆದೆ. ವಾಸನೆ ಬರುತ್ತಾ ಎಂದು ಕೇಳಿದೆ. ಬರುತ್ತೆ ಎಂದು ಬರೆದೆ. ‘ಬಿಸಿನೀರು ಅವರು ಕಾಯಿಸಿಕೊಡ್ತಾರಾ?’ ಎಂದು ಕೇಳಿದೆ. ‘ಕೊಡ್ತಾರೆ, ಪಾಪ ಒಳ್ಳೆಯವರು’ ಎಂದು ಬರೆದೆ. ನನ್ನನ್ನು ನಾನೇ ಹೊಗಳಿಕೊಂಡೆ, ನಿನ್ನ ಅಪ್ಪನ ಬಾಯಿಂದ. ಬರೆದದ್ದನ್ನೆಲ್ಲ ಮರೆತರೂ ಇದನ್ನು ಮರೆಯಲಾರೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಉಸಿರಿಗೆ ಒದ್ದಾಡುವಾಗ ನಾನಿಲ್ಲಿ ಅವರ ಫೋನಿನಲ್ಲಿ ಒಳ್ಳೆಯವನಾಗುತ್ತಿದ್ದೆ.

ನಿಜವನ್ನು ಅದೇ ಫೋನಿನಿಂದ ಬರೆಯಬಹುದಿತ್ತು. ಮೂರು ದಿನ ಸುಳ್ಳು ಹೇಳಿದ ಫೋನದು. ಅದರಿಂದ ಬಂದದ್ದನ್ನು ನೀನು ಯಾರ ಮಾತೆಂದು ಓದುತ್ತೀ? ನನ್ನ ನಂಬರನ್ನು ನೀನು ತಡೆದಿದ್ದೀ. ಅದಕ್ಕೇ ಕೈಬರಹದಲ್ಲಿ ಈ ಕಾಗದ. ನೀನು ಕೆಲಸ ಮಾಡುವ ಆಸ್ಪತ್ರೆಗೆ ಔಷಧಿ ಒಯ್ಯುವ ವ್ಯಾನಿನ ಚಾಲಕ ಎಂಟಕ್ಕೆ ಈ ಬೀದಿಯ ಮೇಲೆ ಹೋಗುತ್ತಾನೆ. ಗೇಟಿನ ಕಂಬದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಇಡುತ್ತೇನೆ. ಅವನು ಮಧ್ಯಾಹ್ನ ಹನ್ನೆರಡರೊಳಗೆ ನಿನ್ನ ಲ್ಯಾಬಿನ ಕಿಟಕಿಗೆ ಮುಟ್ಟಿಸುತ್ತೇನೆ ಎಂದಿದ್ದಾನೆ. ಕಾಗದದ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆಯುತ್ತೇನೆ. ಆದರೂ ಓದಿದ ಮೇಲೆ ಕೈ ತೊಳೆದುಕೋ. ಲ್ಯಾಬಿನವಳಿಗೆ ನಾನು ಹೇಳುವ ಮಾತೇ ಇದು!

ಬುಧವಾರ, ಗುರುವಾರ ಎರಡು ದಿನ ಅವರ ಮುಖ ನೋಡಿದ್ದೇನೆ. ಗಡ್ಡ ಬಂದಿದೆ. ಆಮ್ಲಜನಕದ ಮುಖವಾಡದ ಒಳಗಿಂದ ಮಾತು ನಿಧಾನವಾಗಿ ಬರುತ್ತದೆ, ನೀನು ಅವಸರ ಮಾಡಬೇಡ. ನರ್ಸ್ ಒಳ್ಳೆಯ ಹುಡುಗಿ, ಎರಡು ನಿಮಿಷವನ್ನು ಮೂರು ಮಾಡುತ್ತಾಳೆ. ನಿನ್ನೆ ಅವರು ಗಾಡಿಯ ಬಗ್ಗೆ ಕೇಳಿದರು. ಇನ್ನು ಮುಂದೆ ನಾಲ್ಕು ಗಂಟೆಗೆ ನನ್ನ ಫೋನ್ ರಿಂಗಾಗುವುದಿಲ್ಲ. ಅವರು ಹೇಗಿದ್ದಾರೆ ಎಂದು ನನಗೆ ತಿಳಿಸುವುದು, ಬಿಡುವುದು ನಿನ್ನ ಇಷ್ಟ. ಕೇಳುವ ಸ್ಥಾನದಲ್ಲಿ ನಾನಿಲ್ಲ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀನು ನಾಲ್ಕು ಗಂಟೆಗೆ ಫೋನಿನ ಹತ್ತಿರ ಇರಬೇಕು, ಅಷ್ಟಕ್ಕೆ.

ಇಂತು,
ನಿನ್ನ ತಕ್ಕಡಿ ರಿಪೇರಿಯವ

ಮರೆತು ಬಿಟ್ಟದ್ದಲ್ಲ, ಬಿಟ್ಟು ಬರೆದದ್ದು: ನಿನ್ನೆ ಅವರು ಗಾಡಿಯ ಬಗ್ಗೆ ಕೇಳಲಿಲ್ಲ. ಬುಧವಾರ ಕರೆ ಬಂದ ತಕ್ಷಣ ಅವರು ಕೇಳಿದ್ದು ‘ಅವಳಿಗೆ ಹೇಳಿದ್ರಾ?’ ಎಂದು. ಹೇಳಿದೆ ಎಂದುಬಿಟ್ಟೆ. ನಿನ್ನೆ, ‘ಏನಂದ್ಲು?’ ಎಂದು ಕೇಳಿದರು. ಅವರೇ ಸ್ವಲ್ಪ ಹೊತ್ತು ಉಸಿರಾಡಿಕೊಂಡು, ‘ಮೂರು ದಿನ ಮುಚ್ಚಿಟ್ಟೆ ಅಂತ ನನ್ನ ಮೇಲೂ ಕೋಪ ಬಂದಿರಬೇಕು. ಬಲವಂತ ಮಾಡಬೇಡಿ, ಅವಳಾಗೇ ಮಾತಾಡ್ಲಿ’ ಎಂದರು. ಎಲ್ಲ ತಿಳಿದೂ ನೀನು ಒಂದು ಮಾತೂ ಕಳಿಸಲಿಲ್ಲ ಎಂದುಕೊಂಡು ಅವರು ಮಲಗಿದ್ದಾರೆ. ನಂಬರು ಬದಲಾಯಿಸಿದ್ದು ಅದಕ್ಕೆ. ಇವತ್ತು ಅವರು ಮುಖ ನೋಡಿದ ಕೂಡಲೇ, ನಿನಗೆ ಇವತ್ತು ಮಧ್ಯಾಹ್ನವಷ್ಟೇ ಗೊತ್ತಾಯಿತು ಎಂದು ಹೇಳಿಬಿಡು. ನನ್ನನ್ನು ಉಳಿಸಲು ನೋಡಬೇಡ.