ಸೊನ್ನೆಯ ಕೆಳಗೆ ಉಳಿದದ್ದು

ಅಪ್ಪ,

ಇವತ್ತು ನೀವು ವಿನ್ಯಾಸ ಮಾಡಿದ ಕಾರಿನ ಬಗ್ಗೆ ಸಾರ್ವಜನಿಕ ಚರ್ಚೆ ಇತ್ತು. ಮೊದಮೊದಲ ಎಲೆಕ್ಟ್ರಿಕ್ ಕಾರುಗಳು ಯಾಕೆ ಸೋತವು ಎಂಬುದು ವಿಷಯ. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ.

ನಿವೃತ್ತ ಮೆಕ್ಯಾನಿಕ್ ಒಬ್ಬರು ಎದ್ದು ರೇಗಿದರು. "ಆ ಚಾರ್ಜ್ ಮೀಟರ್ ಶುದ್ಧ ಸುಳ್ಳುಬುರುಕ ಕಣ್ರೀ! ಮುಳ್ಳು ಸೊನ್ನೆಗೆ ಬಂದ್ಮೇಲೂ ಬ್ಯಾಟರಿಲಿ ಚಾರ್ಜ್ ಇರ್ತಿತ್ತು. ಜನಕ್ಕೆ ಅದು ಗೊತ್ತಾಗೋಯ್ತು. ಸೊನ್ನೆ ಆದ್ಮೇಲೂ ಓಡ್ಸಿ ಓಡ್ಸಿ ನಡುರಸ್ತೇಲಿ ನಿಂತ್ರು. ಬೈಸ್ಕೊಂಡೋನು ನಾನು!"

ಯಾರೂ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಾರದೆಂದೇ ನೀವು ಸೊನ್ನೆಯ ಕೆಳಗೆ ಅಷ್ಟು ಚಾರ್ಜ್ ಬಚ್ಚಿಟ್ಟಿದ್ದಿರಿ ಎಂದು ನಾನು ಎದ್ದು ಹೇಳಿದೆ. ಯಾರ ಮಗಳೆಂದೂ ಹೇಳಬೇಕಾಯಿತು.

"ಹಾಗಾದ್ರೆ ಮನೇಲೂ ಹೀಗೇನಾ ನಿಮ್ಮಪ್ಪ?" ಎಂದು ಅವರು ಕಿಚಾಯಿಸಿದರು.

"ಹೂಂ. ಅಪ್ಪ 'ನನ್ ಕೈಲಿ ಇನ್ನಾಗಲ್ಲಮ್ಮ' ಅಂದ್ರೆ, ಇನ್ನೂ ಸ್ವಲ್ಪ ಬಾಕಿ ಇದೆ ಅಂತಾನೇ ನಾವು ತಿಳ್ಕೋತಿದ್ವಿ," ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ಮೆಕ್ಯಾನಿಕ್ಕೂ ನಕ್ಕು ಕುಳಿತರು. ನಿಮ್ಮ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತೆನ್ನಿಸಿತು. ಆ ವಿನ್ಯಾಸ ಸರಿಯೋ ತಪ್ಪೋ, ನನಗೆ ಈಗಲೂ ತೀರ್ಮಾನಿಸಲಾಗುತ್ತಿಲ್ಲ.

ಆಸ್ಪತ್ರೆಯಿಂದ ನೀವು ಫೋನ್ ಮಾಡಿ ಅದೇ 'ಇನ್ನಾಗಲ್ಲಮ್ಮ' ಹೇಳಿದ್ದನ್ನು, ಭಾನುವಾರ ಬರುತ್ತೇನೆ ಎಂದು ನಾನು ಉತ್ತರಿಸಿದ್ದನ್ನು, ಭಾನುವಾರದ ತನಕ ನೀವು ಉಳಿಯದೇ ಹೋದದ್ದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.